ಫ್ಲ್ಯಾಟಿಗೆ ಹಾಕಿಸಿದ ಲ್ಯಾಂಡ್‌ಲೈನ್: ಮೂರು ವರ್ಷ ಬಳಸಿದ ಮೇಲೆ

2022ರ ಜೂನ್ ತಿಂಗಳಲ್ಲಿ ನಾವು ಚಿತ್ರದುರ್ಗದ ಜೆ.ಸಿ.ಆರ್. ಬಡಾವಣೆಯ ಹಳೆಯ ಮನೆಯನ್ನು ಬಿಟ್ಟು ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಗೆ ಬಂದೆವು. ಸಾಮಾನು ಇಳಿಸಿದ ಮರುದಿನವೇ ಅವ್ವ ಕೇಳಿದ ಮೊದಲ ಪ್ರಶ್ನೆ, ಮನೆಗೆ ಫೋನು ಯಾವಾಗ ಬರುತ್ತದೆ ಎಂಬುದು. ಆಗ ಅವಳಿಗೆ ಎಪ್ಪತ್ತೆಂಟು ವರ್ಷ. ಎರಡೂ ಕಿವಿಗೆ ಶ್ರವಣ ಸಾಧನ ಹಾಕಿಕೊಳ್ಳುತ್ತಾಳೆ; ಮೊಬೈಲನ್ನು ಕಿವಿಗೆ ಒತ್ತಿ ಹಿಡಿದರೆ ಆ ಸಾಧನ ಕುಂಯ್ ಎಂದು ಕೂಗುತ್ತದೆ, ದೂರ ಹಿಡಿದರೆ ಮಾತು ಕೇಳಿಸುವುದಿಲ್ಲ. ಲ್ಯಾಂಡ್‌ಲೈನಿನ ರಿಸೀವರ್ ದೊಡ್ಡದಿರುವುದರಿಂದ ಅದನ್ನು ಓರೆಯಾಗಿ ಹಿಡಿದು ಅವಳು ಅರ್ಧ ಗಂಟೆ ಬೇಕಾದರೂ ಮಾತನಾಡಬಲ್ಲಳು. ಆದ್ದರಿಂದ ನಮ್ಮ ಮನೆಯ ಮಟ್ಟಿಗೆ ಈ ಸಂಪರ್ಕವು ಇಂಟರ್ನೆಟ್ಟಿನ ಜೊತೆಗೆ ಬರುವ ಹೆಚ್ಚುವರಿ ಸೌಲಭ್ಯವಲ್ಲ, ಅವಳು ತನ್ನ ತಂಗಿಯರೊಡನೆ ಮಾತನಾಡಲು ಇರುವ ಒಂದೇ ದಾರಿ. ಈ ವಿಮರ್ಶೆಯನ್ನು ಬರೆಯುತ್ತಿರುವುದೂ ಅಂಥ ಹಿರಿಯರಿರುವ, ಹೊಸದಾಗಿ ಫ್ಲ್ಯಾಟಿಗೆ ಹೋಗುತ್ತಿರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ. ಸೇವೆ ಕೊಟ್ಟ ಸಂಸ್ಥೆಗಳ ಹೆಸರನ್ನು ಬರೆದಿಲ್ಲ, ಏಕೆಂದರೆ ನಾನು ಎದುರಿಸಿದ ತೊಡಕುಗಳಲ್ಲಿ ಹೆಚ್ಚಿನವು ಯಾವ ಸಂಸ್ಥೆಯ ಸಂಪರ್ಕ ಪಡೆದರೂ ಎದುರಾಗುವಂಥವು.

ಮೊದಲನೆಯ ತೊಡಕು ನಂಬರಿನದು. ಚಿತ್ರದುರ್ಗದ ಮನೆಯ ನಂಬರು ಇಪ್ಪತ್ತೈದು ವರ್ಷಗಳಿಂದ ನೆಂಟರಿಷ್ಟರ ಬಾಯಲ್ಲಿತ್ತು, ಲಗ್ನಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ 2011ರಿಂದ ಇಡೀ ದೇಶದಲ್ಲಿದೆ. ಲ್ಯಾಂಡ್‌ಲೈನಿಗೆ ಆ ಅವಕಾಶವಿಲ್ಲ. ಊರು ಬದಲಾದರಂತೂ ಹಳೆಯ ನಂಬರು ಹೋಯಿತೆಂದೇ ಲೆಕ್ಕ. ಚಿತ್ರದುರ್ಗದ ಎಸ್‌ಟಿಡಿ ಕೋಡ್ 08194, ದಾವಣಗೆರೆಯದು 08192. ನಡುವೆ ಇರುವುದು ಅರವತ್ತು ಕಿಲೋಮೀಟರಿನಷ್ಟು ಹೆದ್ದಾರಿಯಾದರೂ ದೂರವಾಣಿಯ ಲೆಕ್ಕದಲ್ಲಿ ಇವು ಬೇರೆ ಬೇರೆ ಪ್ರದೇಶಗಳು. ಒಂದೇ ಊರಿನೊಳಗೆ ಮನೆ ಬದಲಿಸುವವರು ‘ಶಿಫ್ಟಿಂಗ್’ ಅರ್ಜಿ ಕೊಟ್ಟರೆ, ಹೊಸ ಮನೆಯೂ ಅದೇ ಎಕ್ಸ್‌ಚೇಂಜಿಗೆ ಸೇರಿದ್ದರೆ, ನಂಬರು ಉಳಿಯುವ ಸಾಧ್ಯತೆ ಇರುತ್ತದೆ. ನಾನು ಇದನ್ನು ತಿಳಿಯದೆ ಶಿಫ್ಟಿಂಗ್ ಅರ್ಜಿಯನ್ನೇ ಕೊಟ್ಟು ಹನ್ನೆರಡು ದಿನ ಕಾದೆ. ಆಮೇಲೆ ಅದು ತಿರಸ್ಕೃತವಾಗಿ, ಹಳೆಯದನ್ನು ಸರೆಂಡರ್ ಮಾಡಿ ಹೊಸದಕ್ಕೆ ಬೇರೆ ಅರ್ಜಿ ಹಾಕಬೇಕಾಯಿತು.

ಸರೆಂಡರ್ ಮಾಡುವಾಗ ಕಚೇರಿಯಲ್ಲಿ ಫೋನಿನ ಉಪಕರಣವನ್ನು ಹಿಂದಿರುಗಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ, ಕೊನೆಯ ಬಿಲ್ಲು ಕಟ್ಟಿದ ದಾಖಲೆಯನ್ನು ಜೋಪಾನವಾಗಿಡಿ. ಠೇವಣಿ ಹಣ 60 ದಿನಗಳೊಳಗೆ ವಾಪಸು ಬರಬೇಕೆಂದು ದೂರಸಂಪರ್ಕ ಸಂಸ್ಥೆಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್‌ನ ಆಗ ಜಾರಿಯಲ್ಲಿದ್ದ ನಿಯಮ ಹೇಳುತ್ತಿತ್ತು. ನಮಗೆ ಬಂದದ್ದು ಐದನೇ ತಿಂಗಳಿಗೆ, ಅದೂ ಮೂರು ಪತ್ರ ಬರೆದು, ಪ್ರತಿ ಪತ್ರಕ್ಕೂ ಆ ರಸೀದಿಯ ಪ್ರತಿಯನ್ನು ಲಗತ್ತಿಸಿದ ಮೇಲೆ. ಆ ಚೀಟಿ ಕಳೆದುಹೋಗಿದ್ದರೆ ಉಪಕರಣ ಕೊಟ್ಟೇ ಇಲ್ಲವೆಂದು ಹೇಳಿಬಿಡುತ್ತಿದ್ದರೇನೋ.

ಹೊಸ ಅರ್ಜಿಗೆ ಬಂದ ಮೊದಲ ಉತ್ತರ, ‘ತಾಂತ್ರಿಕವಾಗಿ ಸಾಧ್ಯವಿಲ್ಲ’ ಎಂಬ ಒಂದು ಸಾಲಿನ ಸಂದೇಶ. ಈ ಮಾತಿಗೆ ಹೆದರಿ ಸುಮ್ಮನಾಗಬಾರದೆಂಬುದು ನಾನು ಕಲಿತ ವಿಷಯ. ನಮ್ಮ ರಸ್ತೆಯಲ್ಲಿಯೇ, ಎದುರು ಸಾಲಿನ ಮನೆಗಳಲ್ಲಿ, ಅದೇ ಸಂಸ್ಥೆಯ ಸಂಪರ್ಕ ಕೆಲಸ ಮಾಡುತ್ತಿತ್ತು. ಹಾಗಿದ್ದಮೇಲೆ ನಮಗೇಕೆ ಇಲ್ಲವೆಂದು ಕಚೇರಿಗೆ ಹೋಗಿ ಕೂತು ವಿಚಾರಿಸಿದಾಗ ಎರಡು ಕಾರಣಗಳು ಹೊರಬಂದವು. ನಮ್ಮ ಫ್ಲ್ಯಾಟಿನ ವಿಳಾಸದಲ್ಲಿ ಹಿಂದೆ ಇದ್ದ ಬಾಡಿಗೆದಾರರ ಸಂಪರ್ಕವೊಂದು ಬಾಕಿಯ ಸಮೇತ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿತ್ತು. ನಮ್ಮ ಕ್ರಯಪತ್ರದ ಪ್ರತಿಯನ್ನೂ ಅಪಾರ್ಟ್‌ಮೆಂಟ್ ಸಂಘದ ಪತ್ರವನ್ನೂ ಕೊಟ್ಟ ಮೇಲೆ ಅದು ಎರಡೇ ದಿನದಲ್ಲಿ ಬಗೆಹರಿಯಿತು. ಎರಡನೆಯ ಕಾರಣ ಕಟ್ಟಡದ್ದೇ ಆಗಿತ್ತು.

ನೆಲಮಹಡಿಯಲ್ಲಿ, ಮೆಟ್ಟಿಲಿನ ಕೆಳಗೆ, ನೀರಿನ ಮೋಟಾರಿನ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ಬಾಗಿಲು ತೆಗೆದು ನೋಡಿದಾಗ ಹಳೆಯ ತಾಮ್ರದ ಜೋಡಿ ತಂತಿಗಳು ಜಡೆ ಬಿಚ್ಚಿದಂತೆ ಇಳಿಬಿದ್ದಿದ್ದವು. ಕೆಲವನ್ನು ಇಲಿ ಕಡಿದಿತ್ತು, ಯಾವುದರ ಮೇಲೂ ಫ್ಲ್ಯಾಟಿನ ನಂಬರು ಬರೆದಿರಲಿಲ್ಲ. ಅಲ್ಲಿಂದ ಮೇಲಕ್ಕೆ ಗೋಡೆಯೊಳಗೆ ಹೋಗಬೇಕಾದ ಪೈಪು ಎರಡನೇ ಮಹಡಿಯಲ್ಲಿ ಸಿಮೆಂಟು ತುಂಬಿ ಮುಚ್ಚಿಹೋಗಿತ್ತು. ಕಟ್ಟಿದವರು ಕರೆಂಟಿಗೂ ಕೇಬಲ್ ಟಿವಿಗೂ ದಾರಿ ಬಿಟ್ಟು, ಫೋನಿನ ಪೈಪನ್ನು ಹೆಸರಿಗೆ ಮಾತ್ರ ಇಟ್ಟಿದ್ದರು. ಫ್ಲ್ಯಾಟ್ ನೋಡಲು ಹೋದಾಗ ನಾವು ಬೋರ್‌ವೆಲ್ಲಿನ ಆಳ ಕೇಳಿದೆವು, ಲಿಫ್ಟು, ಪಾರ್ಕಿಂಗು, ಪೂರ್ವದ ಬಾಗಿಲು ಎಲ್ಲವನ್ನೂ ನೋಡಿದೆವು. ಈ ಪೆಟ್ಟಿಗೆಯನ್ನು ತೆರೆದು ನೋಡಲಿಲ್ಲ. ಕಟ್ಟಡಗಳ ಒಳಗೆ ಡಿಜಿಟಲ್ ಸಂಪರ್ಕದ ವ್ಯವಸ್ಥೆ ಹೇಗಿದೆ ಎಂಬುದಕ್ಕೆ ಶ್ರೇಣಿ ಕೊಡುವ ನಿಯಮಾವಳಿಯನ್ನು ಟ್ರಾಯ್ 2024ರಲ್ಲಿ ತಂದಿದೆ. ನಮ್ಮಂಥ ಹಳೆಯ ಕಟ್ಟಡಕ್ಕೆ ಅದರಿಂದ ಕೂಡಲೇ ಪ್ರಯೋಜನವಾಗದಿದ್ದರೂ, ಮುಂದೆ ಫ್ಲ್ಯಾಟ್ ಕೊಳ್ಳುವವರು ಕಟ್ಟುವವರನ್ನು ಕೇಳಲು ಒಂದು ಆಧಾರವಾದರೂ ಸಿಕ್ಕಿದೆ.

ಕೊನೆಗೆ ತಾಮ್ರದ ತಂತಿಯ ಆಸೆ ಬಿಟ್ಟು ಫೈಬರ್ ಸಂಪರ್ಕಕ್ಕೆ ಒಪ್ಪಿದೆವು. ಸಂಘದ ಒಪ್ಪಿಗೆ ಪತ್ರ ಪಡೆದು, ತಂತಿಯನ್ನು ಹಿಂಭಾಗದ ಗೋಡೆಯ ಹೊರಗಿನಿಂದ, ಮಳೆನೀರಿನ ಪೈಪಿನ ಪಕ್ಕದಲ್ಲಿ ಮೇಲಕ್ಕೆ ತರಬೇಕಾಯಿತು. ಕೆಲಸಕ್ಕೆ ಬಂದ ಹುಡುಗ ಬಾಲ್ಕನಿಯಲ್ಲಿ ಕುಳಿತು, ಕಪ್ಪು ಹೊದಿಕೆಯನ್ನು ಸುಲಿದು, ಒಳಗಿನ ಗಾಜಿನ ಎಳೆಯನ್ನು ಬಟ್ಟೆಯಿಂದ ಒರೆಸಿ, ಸಣ್ಣ ಯಂತ್ರದಲ್ಲಿಟ್ಟು ಬೆಸುಗೆ ಹಾಕಿದ. ಆ ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ಅದರ ನಡುಭಾಗವಂತೂ 9 ಮೈಕ್ರಾನ್ ಅಷ್ಟೇ. ಯಂತ್ರದ ಪರದೆಯ ಮೇಲೆ ಎರಡು ತುದಿಗಳು ಎದುರುಬದುರಾಗಿ ಬಂದು ನಿಂತು, ಒಂದು ಕಿಡಿ ಹಾರಿ ಒಂದಾಗುವುದನ್ನು ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. ಅವನು ಮೀಟರ್ ಹಿಡಿದು “ಮೈನಸ್ ಇಪ್ಪತ್ತೊಂದು ಐತ್ರಿ ಸರ್, ಚಲೋ ಐತಿ” ಎಂದ. ಈ ಅಂಕಿಯನ್ನು ನಾನು ಬರೆದಿಟ್ಟುಕೊಂಡೆ. ಬೆಳಕಿನ ಬಲ ಮೈನಸ್ 27ರ ಆಚೆಗೆ ಇಳಿದರೆ ಸಂಪರ್ಕ ತಡವರಿಸಲು ತೊಡಗುತ್ತದೆ ಎಂದು ಅವನೇ ಹೇಳಿಕೊಟ್ಟ. ಹೊಸದಾಗಿ ಹಾಕಿಸುವವರು ಮೊದಲ ದಿನದ ಅಳತೆಯನ್ನು ಕೇಳಿ ಬರೆದಿಟ್ಟುಕೊಂಡರೆ ಮುಂದೆ ದೂರು ಕೊಡುವಾಗ ಬಹಳ ಉಪಯೋಗವಾಗುತ್ತದೆ.

ಅಷ್ಟಾದ ಮೇಲೂ ಫೋನು ಅರ್ಧವೇ ಕೆಲಸ ಮಾಡಿತು. ಚಿತ್ರದುರ್ಗದಲ್ಲಿ ಅವ್ವನ ಕೋಣೆಯಲ್ಲಿದ್ದ ನಮ್ಮ ಸ್ವಂತದ ಹಳೆಯ ಫೋನನ್ನೇ, ಫೈಬರ್ ತಂತಿ ಮನೆಯೊಳಗೆ ಬಂದು ಸೇರುವ ಸಣ್ಣ ಪೆಟ್ಟಿಗೆಗೆ ಸಿಕ್ಕಿಸಿದ್ದೆವು. ಕರೆ ಬಂದರೆ ಗಂಟೆ ಬಾರಿಸುತ್ತಿತ್ತು, ಮಾತು ಸ್ಪಷ್ಟವಾಗಿತ್ತು, ಆದರೆ ಇಲ್ಲಿಂದ ನಂಬರು ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಆ ಹುಡುಗ ಫೋನನ್ನು ಮಗುಚಿ, ಅಡಿಯಲ್ಲಿದ್ದ ಉಗುರಿನಷ್ಟು ಗಾತ್ರದ ಗುಂಡಿಯನ್ನು ‘ಪಿ’ ಎಂಬಲ್ಲಿಂದ ‘ಟಿ’ ಎಂಬಲ್ಲಿಗೆ ಸರಿಸಿದ. ಪಲ್ಸ್ ಎಂದರೆ ಹಳೆಯ ಕಾಲದ ಟಕ್‌ಟಕ್ ಲೆಕ್ಕ, ಟೋನ್ ಎಂದರೆ ಈಗಿನ ಸ್ವರದ ಲೆಕ್ಕ. ನಮಗೆ ಕೊಟ್ಟ ಪೆಟ್ಟಿಗೆಗೆ ಟೋನ್ ಮಾತ್ರ ಅರ್ಥವಾಗುತ್ತಿತ್ತು. “ಅಜ್ಜೀ, ಈಗ ಹಚ್ಚಿ ನೋಡ್ರಿ” ಎಂದ. ಅವ್ವ ಹರಿಹರದಲ್ಲಿರುವ ಚಿಕ್ಕಮ್ಮನಿಗೆ ಹಚ್ಚಿದಳು. ಚಿತ್ರದುರ್ಗದಿಂದ 08192 ಸೇರಿಸಿ ಒತ್ತಬೇಕಾಗಿದ್ದ ನಂಬರು ಇಲ್ಲಿಂದ ಆರೇ ಅಂಕಿ, ಏಕೆಂದರೆ ಹರಿಹರಕ್ಕೂ ದಾವಣಗೆರೆಗೂ ಕೋಡ್ ಒಂದೇ. ಹೊಸ ಮನೆಯಲ್ಲಿ ಅವಳಿಗೆ ಮೊದಲು ಹಿಡಿಸಿದ ಸಂಗತಿ ಅದು.

ಇನ್ನು ಕರೆಂಟಿನ ವಿಚಾರ. ಹಿರಿಯರಿರುವ ಮನೆಯವರು ಫೈಬರಿಗೆ ಹೋಗುವ ಮೊದಲು ಯೋಚಿಸಲೇಬೇಕಾದದ್ದು ಇದು. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಲ್ಲಿರುವ ಬ್ಯಾಟರಿಗಳಿಂದಲೇ 48 ವೋಲ್ಟಿನ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯಲ್ಲಿ ಕತ್ತಲಾದರೂ ಫೋನು ನಡೆಯುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ತು ಬರುವುದಿಲ್ಲ. ಮನೆಯ ಕರೆಂಟು ಹೋದ ಕ್ಷಣದಲ್ಲೇ ಪೆಟ್ಟಿಗೆ ಆರಿಹೋಗಿ ಫೋನು ಸತ್ತುಹೋಗುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಜನರೇಟರು ಲಿಫ್ಟಿಗೂ ಮೆಟ್ಟಿಲಿನ ದೀಪಗಳಿಗೂ ಮಾತ್ರ. 2023ರ ಏಪ್ರಿಲ್‌ನಲ್ಲಿ ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋದಾಗ ನಾನು ಹೊರಗಿದ್ದೆ. ಮನೆಯಲ್ಲಿ ಒಬ್ಬಳೇ ಇದ್ದ ಅವ್ವ ಫೋನು ಎತ್ತಿ, ಏನೂ ಕೇಳಿಸದೆ, ಶ್ರವಣ ಸಾಧನವೇ ಕೆಟ್ಟಿತೆಂದು ತಿಳಿದು ಎರಡು ಗಂಟೆ ಗಾಬರಿಯಲ್ಲಿ ಕುಳಿತಿದ್ದಳು. ಮರುದಿನವೇ ಮಂಡಿಪೇಟೆಯ ಕಡೆ ಹೋಗಿ ರೌಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ತಂದು ಜೋಡಿಸಿದೆ. ಈಗ ಕರೆಂಟು ಹೋದ ಮೇಲೂ ಮೂರು ಗಂಟೆಗಳಿಗೆ ಕಡಿಮೆಯಿಲ್ಲದಂತೆ ಫೋನು ಇರುತ್ತದೆ. ಈ ಯುಪಿಎಸ್ ಇಲ್ಲದೆ ಫೈಬರ್ ಲ್ಯಾಂಡ್‌ಲೈನನ್ನು ವಯಸ್ಸಾದವರ ಕೈಗೆ ಕೊಡಬೇಡಿ ಎಂದು ಒತ್ತಿ ಹೇಳುತ್ತೇನೆ. ಸಂಪರ್ಕ ಕೊಡುವ ಸಂಸ್ಥೆಯವರು ಅರ್ಜಿ ಪಡೆಯುವಾಗಲೇ ಇದನ್ನು ಹೇಳಬೇಕಿತ್ತು; ನಮಗೆ ಹೇಳಲಿಲ್ಲ.

ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ. ಮನೆ ಬದಲಿಸಿದ ಗಡಿಬಿಡಿಯಲ್ಲೇ ಅವ್ವನ ನಂಬರಿನ ಪುಸ್ತಕವನ್ನು ಹೊಸದಾಗಿ ಬರೆದುಕೊಟ್ಟೆ: ಮೊಬೈಲ್ ನಂಬರುಗಳ ಮೊದಲಿಗೆ ಸೊನ್ನೆ, ಚಿತ್ರದುರ್ಗದ ನೆಂಟರ ಮನೆಗಳಿಗೆ 08194, ಮೊದಲ ಪುಟದಲ್ಲಿ ದೊಡ್ಡದಾಗಿ 108 ಮತ್ತು 112.

ಮೂರು ವರ್ಷಗಳಲ್ಲಿ ಸಂಪರ್ಕ ಪೂರ್ತಿ ನಿಂತದ್ದು ನಾಲ್ಕು ಸಲ. ಒಂದು ಸಲ ತಪ್ಪು ನಮ್ಮದೇ: ಮಂಚವನ್ನು ಗೋಡೆಗೆ ಒತ್ತಿ ಸರಿಸಿದಾಗ ಫೈಬರ್ ತಂತಿ ಮಡಿಚಿಕೊಂಡು, ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಟುಕತೊಡಗಿತು. ಅಳೆದಾಗ ಮೈನಸ್ 29 ಇತ್ತು, ಮಂಚ ಎಳೆದು ತಂತಿ ಸಡಿಲಿಸಿದ ಕೂಡಲೇ ಮೊದಲಿನ ಅಂಕಿಗೆ ಮರಳಿತು. ತಾಮ್ರದ ತಂತಿಯನ್ನು ಬೇಕಾದಂತೆ ಮೂಲೆಗೆ ಮಡಿಚಿ ಮೊಳೆ ಹೊಡೆಯಬಹುದಿತ್ತು. ಇದನ್ನು ಹಾಗೆ ಮಾಡುವಂತಿಲ್ಲ. ಎರಡು ಸಲ ಮರುದಿನವೇ ಸರಿಯಾಯಿತು. 2023ರ ಆಗಸ್ಟ್‌ನಲ್ಲಿ ಮಾತ್ರ ರಸ್ತೆ ಅಗೆಯುವಾಗ ತಂತಿ ತುಂಡಾಗಿ ಐದು ದಿನ ಫೋನಿರಲಿಲ್ಲ. ದೂರು ಕೊಟ್ಟಾಗ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೆ. ದುರಸ್ತಿ ಮೂರು ದಿನ ದಾಟಿ ಏಳು ದಿನದೊಳಗೆ ಆದರೆ ಏಳು ದಿನದ ಬಾಡಿಗೆಯನ್ನು ಬಿಲ್ಲಿನಲ್ಲಿ ಕಳೆಯಬೇಕೆಂದು ಆಗಿನ ನಿಯಮವಿತ್ತು. ಮುಂದಿನ ಬಿಲ್ಲಿನಲ್ಲಿ ಅದು ತಾನಾಗಿ ಬರಲಿಲ್ಲ. ಡಾಕೆಟ್ ಸಂಖ್ಯೆ ಹೇಳಿ ಕೇಳಿದ ಮೇಲೆ ಅದರ ಮುಂದಿನ ತಿಂಗಳು ಬಂತು. ದೂರು ಕೇಂದ್ರದಲ್ಲಿ ಕೆಲಸವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಅದಕ್ಕೆ ಶುಲ್ಕವಿಲ್ಲ, 39 ದಿನಗಳೊಳಗೆ ತೀರ್ಮಾನವಾಗಬೇಕು. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತಿಂಗಳಿಗೆ 399 ರೂಪಾಯಿ ಬಾಡಿಗೆ, ಶೇ. 18 ಜಿಎಸ್‌ಟಿ ಸೇರಿ 470 ರೂಪಾಯಿ 82 ಪೈಸೆ. ಕರೆಗಳಿಗೆ ಬೇರೆ ಲೆಕ್ಕವಿಲ್ಲ, ಇಂಟರ್ನೆಟ್ಟೂ ಅದರಲ್ಲೇ ಬರುತ್ತದೆ.

ಧ್ವನಿಯ ಗುಣಮಟ್ಟಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ತಾಮ್ರದ ಲೈನಿನಲ್ಲಿ ಮಳೆಗಾಲ ಬಂದರೆ ಕೇಳಿಸುತ್ತಿದ್ದ ಗರಗರ ಸದ್ದು ಇಲ್ಲಿ ಒಂದು ದಿನವೂ ಕೇಳಿಲ್ಲ, ಮತ್ತು ಕಿವಿ ಮಂದವಾದವರಿಗೆ ಆ ವ್ಯತ್ಯಾಸ ಸಣ್ಣದಲ್ಲ. ಸಂಪರ್ಕ ಸಿಗಲು ಹಿಡಿದ ನಲವತ್ತೊಂದು ದಿನಗಳಿಗೂ, ಕರೆಂಟಿನ ವಿಚಾರ ಮುಚ್ಚಿಟ್ಟದ್ದಕ್ಕೂ ಒಂದು ಅಂಕ ಕಳೆದು ಐದಕ್ಕೆ ನಾಲ್ಕು ಕೊಡುತ್ತೇನೆ. ಈ ವರ್ಷ ಕಟ್ಟಡಕ್ಕೆ ಸುಣ್ಣಬಣ್ಣ ಮಾಡಿಸುವ ಮೊದಲು ಸಂಘದ ಸಭೆಯಲ್ಲಿ ಕೇಳಿಕೊಂಡು, ಎರಡನೇ ಮಹಡಿಯ ಮುಚ್ಚಿದ ಪೈಪನ್ನು ಒಡೆಸಿ ಬಿಡಿಸಿದ್ದೇವೆ. ಹೊರಗೋಡೆಯ ತಂತಿ ಈಗ ಒಳಗಿನಿಂದಲೇ ಬಂದಿದೆ, ತಗಡಿನ ಪೆಟ್ಟಿಗೆಯೊಳಗೆ ಪ್ರತಿ ತಂತಿಗೂ ಫ್ಲ್ಯಾಟಿನ ನಂಬರು ಬರೆದ ಚೀಟಿ ಕಟ್ಟಿದ್ದೇವೆ, ಮತ್ತು ಕಳೆದ ತಿಂಗಳು ನಾಲ್ಕನೇ ಮಹಡಿಗೆ ಬಂದ ದಂಪತಿಗೆ ಅರ್ಜಿ ಹಾಕಿದ ಆರನೇ ದಿನವೇ ಫೋನು ಬಂತು.