ಕ್ವಿಕ್ ರಿಲೀಸ್ ತೆಗೆಸಿ ಗಟ್ಟಿ ಆಕ್ಸಲ್ ಹಾಕಿಸಿದ್ದು: ಪುಣೆಯಲ್ಲಿ ವರ್ಷದ ಮೇಲೆ ಓಡಿಸಿದ ಅನುಭವ

ಕ್ವಿಕ್ ರಿಲೀಸ್ ಅಂದ್ರೆ ಪಾನಾ ಇಲ್ದೆ ಲಿವರ್ ಎತ್ತಿ ಚಕ್ರ ಬಿಚ್ಚೋ ವ್ಯವಸ್ಥೆ, ಅದರ ಸರಳು ಹಾಯೋಕೆ ಆಕ್ಸಲ್ (ಚಕ್ರದ ನಡುವಿನ ಅಚ್ಚು) ಟೊಳ್ಳಾಗಿರತ್ತೆ. ಮೊದಲೇ ಹೇಳ್ಬಿಡ್ತೀನಿ, ಆ ಟೊಳ್ಳು ಆಕ್ಸಲ್ ತೆಗೆದು ಗಟ್ಟಿ ಆಕ್ಸಲ್ ಹಾಕಿಸಿದ್ರೆ ಸೈಕಲ್ ತುಳಿಯೋದ್ರಲ್ಲಿ ಕಿಂಚಿತ್ತೂ ವ್ಯತ್ಯಾಸ ಗೊತ್ತಾಗಲ್ಲ. ಸ್ಪೀಡ್ ಜಾಸ್ತಿ ಆಗಲ್ಲ, ಏರು ಸುಲಭ ಆಗಲ್ಲ, ಯಾರಿಗೂ ತೋರಿಸ್ಕೊಳ್ಳೋ ಅಂಥ ಅಪ್‌ಗ್ರೇಡೂ ಅಲ್ಲ. ಆದ್ರೂ ಹಿಂದಿನ ಚಕ್ರಕ್ಕೆ ಹಾಕಿಸಿದೀನಿ, ಮತ್ತೆ ತೆಗೆಸೋ ಯೋಚನೆ ಇಲ್ಲ. ಮುಂದಿನ ಚಕ್ರಕ್ಕೆ ಬೇಕಂತಲೇ ಹಾಕಿಸಿಲ್ಲ. ಈ ಎರಡಕ್ಕೂ ಕಾರಣ ಇದೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಸೈಕಲ್ ಯಾವ್ದು ಅಂದ್ರೆ ಸ್ಟೀಲ್ ಫ್ರೇಮಿನ ಸಾಧಾರಣ ಹೈಬ್ರಿಡ್, ಕಂಪನಿ ಹೆಸರು ಬೇಡ, ರಿಮ್ ಬ್ರೇಕು, ಹಿಂದೆ ಏಳು ಗೇರಿನ ಫ್ರೀವೀಲು. ಕೊತ್ರೂಡಿಂದ ಬಾಣೇರ್ ಆಫೀಸಿಗೆ ದಿನಾ, ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಭಾನುವಾರ ಮಂಡಈಯಿಂದ ತರಕಾರಿ, ಕೆಲವು ಸಲ ಖಡಕ್‌ವಾಸ್ಲಾ ಕಡೆ ಒಂದು ಸುತ್ತು. ನನ್ನ ತೂಕಾನೇ ಎಂಬತ್ತೈದು ಕೆಜಿ ಹತ್ರ. ಅಂದ್ರೆ ಹಿಂದಿನ ಚಕ್ರದ ಮೇಲೆ ಭಾರ ಯಾವಾಗ್ಲೂ ಇದ್ದೇ ಇರತ್ತೆ, ಪುಣೆಯ ಸ್ಪೀಡ್ ಬ್ರೇಕರ್‌ಗಳ ಬಗ್ಗೆ ಇಲ್ಲಿರೋರಿಗೆ ನಾನೇನೂ ಹೇಳಬೇಕಾಗಿಲ್ಲ.

ಶುರುವಾಗಿದ್ದು ಗೇರ್ ತಾನಾಗೇ ಜಿಗಿಯೋದ್ರಿಂದ. ನಿಂತ್ಕೊಂಡು ತುಳಿದ್ರೆ ರಿಮ್ಮು ಒಂದು ಕಡೆ ಬ್ರೇಕಿಗೆ ಸವರೋದು, ಕೂತ್ಕೊಂಡ್ರೆ ಸರಿ. ಸ್ಪೋಕ್ ಸಡಿಲ ಆಗಿರಬೇಕು ಅಂತ ಒಂದು ದೊಡ್ಡ ಶೋರೂಮಲ್ಲಿ ಕೊಟ್ರೆ ಟ್ರೂಯಿಂಗ್ ಮಾಡಿ (ಸ್ಪೋಕ್ ಬಿಗಿದು ರಿಮ್ಮಿನ ಸೊಟ್ಟ ತೆಗೆದು), ಗೇರ್ ಟ್ಯೂನ್ ಮಾಡಿ, ದುಡ್ಡು ತಗೊಂಡು ಕಳಿಸಿದ್ರು, ಎರಡೇ ವಾರಕ್ಕೆ ಮತ್ತೆ ಅದೇ ರಾಗ. ಆಮೇಲೆ ನಮ್ಮನೆ ಹತ್ರ ಫುಟ್‌ಪಾತ್ ಪಕ್ಕ ಪುಟ್ಟ ಅಂಗಡಿ ಇಟ್ಕೊಂಡಿರೋ ವಿಜಯಪುರ ಕಡೆಯ ಒಬ್ಬರು ಕಾಕಾ ಹತ್ರ ಹೋದೆ. ಅವರು ಟ್ರೂಯಿಂಗ್ ಸ್ಟ್ಯಾಂಡ್ ಮುಟ್ಟಲೇ ಇಲ್ಲ. ಕ್ವಿಕ್ ರಿಲೀಸ್ ಲಿವರ್ ತೆಗೆದು, ಉದ್ದ ಸರಳು ಎಳೆದು, ಚಕ್ರ ಎತ್ತಿ ಅಲ್ಲಾಡಿಸಿದ್ರು, ಬಲಗಡೆಯಿಂದ ಆಕ್ಸಲ್ಲಿನ ಒಂದು ತುಂಡು ಕೋನ್ (ಬೇರಿಂಗ್ ಬಾಲ್ಸನ್ನ ಒತ್ತಿ ಹಿಡಿಯೋ ನಟ್ಟು) ಸಮೇತ ಅವರ ಅಂಗೈಗೆ ಬಿತ್ತು.

"ಸಾಹೇಬ್ರ, ಇದು ಇವತ್ತ ಮುರದದ್ದಲ್ರಿ. ಇಲ್ಲಿ ನೋಡ್ರಿ, ಅರ್ಧಾ ಕರ್ರಗೈತಿ, ಅರ್ಧಾ ಹೊಳೀತೈತಿ" ಅಂದ್ರು. ಬೆಳಕಿಗೆ ಹಿಡಿದು ನೋಡಿದ್ರೆ ನಿಜ. ಮುರಿದ ಮುಖದಲ್ಲಿ ಥ್ರೆಡ್ಡಿನ ಬುಡದಿಂದ ಒಳಗಿನ ತೂತಿನ ತನಕ ಒಂದು ಕಡೆ ಪೂರ್ತಿ ತುಕ್ಕು ಹಿಡಿದು ಕಪ್ಪಾಗಿತ್ತು, ಇನ್ನೊಂದು ಕಡೆ ಮಾತ್ರ ಹೊಸ ಲೋಹ ಕಾಣ್ತಿತ್ತು. ಬಿರುಕು ಬಿಟ್ಟು, ಅದು ನಿಧಾನಕ್ಕೆ ಬೆಳೆದು, ಕಡೆಗೊಂದಿನ ಪೂರ್ತಿ ಹೋಗಿದೆ. ಕ್ವಿಕ್ ರಿಲೀಸಲ್ಲಿ ಇದೊಂದು ವಿಚಿತ್ರ ಗುಣ, ಆಕ್ಸಲ್ ಎರಡು ಹೋಳಾದ್ರೂ ಒಳಗಿರೋ 5 ಎಂಎಂ ಸರಳು ಎರಡೂ ಕಡೆಯಿಂದ ಅಮುಕಿ ಹಿಡ್ಕೊಂಡಿರತ್ತೆ, ಸೈಕಲ್ ಓಡ್ತಾನೇ ಇರತ್ತೆ. ಮನೆ ತನಕ ತಲುಪಿಸತ್ತೆ ಅನ್ನೋದು ಒಳ್ಳೇದೇ, ಮುರಿದಿರೋದನ್ನೇ ಮುಚ್ಚಿಡತ್ತೆ ಅನ್ನೋದು ಕೆಟ್ಟದ್ದು.

ಮುರಿಯೋದು ಯಾಕೆ ಅಂದ್ರೆ ಫ್ರೀವೀಲ್ ಹಬ್ಬಿನ (ಹಬ್ ಅಂದ್ರೆ ಸ್ಪೋಕುಗಳು ಸೇರೋ ಚಕ್ರದ ನಡುಭಾಗ) ರಚನೆಯೇ ಹಾಗೆ. ಫ್ರೀವೀಲ್ ಅನ್ನೋ ಗೇರಿನ ಚಕ್ರಗಳ ಕಟ್ಟು ಹಬ್ಬಿನ ಮೇಲೆ ಹೊರಗಡೆ ಕೂರತ್ತೆ, ಬಲಗಡೆಯ ಬೇರಿಂಗು ಅದರ ಹಿಂದೆ ಒಳಗೆಲ್ಲೋ ಇರತ್ತೆ. ಬೇರಿಂಗಿಂದ ಫ್ರೇಮಿನ ಡ್ರಾಪ್ಔಟ್ (ಆಕ್ಸಲ್ ಕೂರೋ ಕಚ್ಚು) ತನಕ ಮೂರು ನಾಕು ಸೆಂಟಿಮೀಟರ್ ಆಕ್ಸಲ್ಲಿಗೆ ಯಾವ ಆಸರೆನೂ ಇಲ್ಲ, ಪ್ರತಿ ಗುಂಡಿಗೂ ಅಲ್ಲೇ ಬಾಗತ್ತೆ. ಶಿಮಾನೊದವರು 1978ರಲ್ಲಿ ತಂದ ಫ್ರೀಹಬ್ಬಲ್ಲಿ ಆ ಬೇರಿಂಗನ್ನ ಹೊರಗಡೆ ಡ್ರಾಪ್ಔಟ್ ಪಕ್ಕಕ್ಕೇ ತಳ್ಳಿದ್ರು, ಅದಾದ್ಮೇಲೆ ಆ ಥರದ ಹಬ್ಬಲ್ಲಿ ಆಕ್ಸಲ್ ಮುರಿಯೋದು ಅಪರೂಪ. ಆದ್ರೆ ನಮ್ಮಲ್ಲಿ ಕಡಿಮೆ ಬೆಲೆಯ ಏಳು ಗೇರಿನ ಸೈಕಲ್ಲುಗಳಲ್ಲಿ ಇವತ್ತಿಗೂ ಬರೋದು ಫ್ರೀವೀಲೇ.

ಈಗ ಎಲ್ಲರೂ ತಪ್ಪು ತಿಳ್ಕೊಳ್ಳೋ ವಿಷಯಕ್ಕೆ ಬರ್ತೀನಿ. ಗಟ್ಟಿ ಆಕ್ಸಲ್ ಅಂದ ತಕ್ಷಣ ಟೊಳ್ಳಿನ ಎರಡು ಪಟ್ಟು ಶಕ್ತಿ ಅಂತ ಅಂದ್ಕೋತಾರೆ. ಇಲ್ಲ ಸ್ವಾಮಿ. ಸರಳು ಬಾಗದ ಹಾಗೆ ತಡೆಯೋ ಬಿಗಿ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಹೋಗತ್ತೆ, ಹೊರಗಿನ ಪದರವೇ ಬಹುತೇಕ ಕೆಲಸ ಮಾಡೋದು, ನಡುವಿನ ಲೋಹ ಸುಮ್ನೆ ಕೂತಿರತ್ತೆ. 10 ಎಂಎಂ ಸರಳಿನ ನಡುವೆ 5 ಎಂಎಂ ತೂತು ಕೊರೆದ್ರೆ ಕಳ್ಕೊಳ್ಳೋದು ಹದಿನಾರರಲ್ಲಿ ಒಂದೇ ಪಾಲು, ಶೇಕಡಾ 6 ಚಿಲ್ಲರೆ. ಥ್ರೆಡ್ಡಿನ ಆಳ ಕಳೆದು ಲೆಕ್ಕ ಹಾಕಿದ್ರೂ 10ರ ಆಸುಪಾಸೇ. ಅಂದ್ರೆ ನನ್ನ ಹಳೇ ಆಕ್ಸಲ್ ಮುರಿದಿದ್ದು ಟೊಳ್ಳಾಗಿತ್ತು ಅನ್ನೋ ಕಾರಣಕ್ಕಲ್ಲ, ಬರೀ ಗಟ್ಟಿ ಆಕ್ಸಲ್ ತಂದು ತುರುಕಿದ್ರೆ ಅದೂ ಅದೇ ಜಾಗದಲ್ಲಿ ಇವತ್ತಲ್ಲ ನಾಳೆ ಮುರೀತಿತ್ತು.

ನಿಜವಾದ ರಿಪೇರಿ ಕಾಕಾ ಮಾಡಿದ್ದು ಫ್ರೇಮಿಗೆ. ಡ್ರಾಪ್ಔಟ್ ಎರಡೂ ಒಂದಕ್ಕೊಂದು ಸಮಾನಾಂತರ ಇರಲಿಲ್ಲ, ಬಲಗಡೆಯದು ಸ್ವಲ್ಪ ಒಳಕ್ಕೆ ತಿರುಗಿತ್ತು. ಅಂಥ ಫ್ರೇಮಲ್ಲಿ ಚಕ್ರ ಟೈಟ್ ಮಾಡಿದಾಗಲೇ ಆಕ್ಸಲ್ ಬಾಗಿಬಿಡತ್ತೆ, ಆಮೇಲೆ ಪ್ರತಿ ಗುಂಡಿಗೂ, ಪ್ರತಿ ತುಳಿತಕ್ಕೂ ಆಗಲೇ ಬಾಗಿರೋ ಕಡ್ಡೀನ ಮತ್ತೆ ಮತ್ತೆ ಬಗ್ಗಿಸಿದ ಹಾಗೆ. ಎರಡೂ ಡ್ರಾಪ್ಔಟಿಗೆ ಒಂದೊಂದು ಗೇಜು ಕೂರಿಸಿ, ಅವುಗಳ ತುದಿ ಎದುರುಬದುರು ಬರೋ ತನಕ ನಿಧಾನಕ್ಕೆ ಬಗ್ಗಿಸಿದ್ರು. ಸ್ಟೀಲ್ ಫ್ರೇಮ್ ಆಗಿದ್ದಕ್ಕೆ ಆಯ್ತು, ಅಲ್ಯೂಮಿನಿಯಂ ಆದ್ರೆ ಈ ಆಟ ಆಡಬಾರದು, ಬಿರುಕು ಬಿಡತ್ತೆ.

ಹಾಗಾದ್ರೆ ಟೊಳ್ಳನ್ನೇ ಹೊಸದು ಹಾಕಿಸಬಹುದಿತ್ತಲ್ಲ ಅಂದ್ರೆ, ಹೌದು, ಹಾಕಿಸಬಹುದಿತ್ತು. ಗಟ್ಟೀದು ಆರಿಸಿದ್ದಕ್ಕೆ ಮೊದಲ ಕಾರಣ ಅದು ಯಾವ ಊರಲ್ಲಾದ್ರೂ ಸಿಗತ್ತೆ. ಎರಡನೇದು ಆಫೀಸ್ ಪಾರ್ಕಿಂಗು, ಅಲ್ಲಿ ಲಿವರ್ ಇರೋ ಚಕ್ರ ಬಿಚ್ಚೋಕೆ ಕಳ್ಳನಿಗೆ ಹತ್ತು ಸೆಕೆಂಡ್ ಸಾಕು. ಗೇರ್ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ದಾಟಿಸೋ ಭಾಗ) ಕಾಯೋ ಕಬ್ಬಿಣದ ಗಾರ್ಡು ಕೂಡ ಆಕ್ಸಲ್ ಉದ್ದ ಇದ್ರೆ ಅದಕ್ಕೇ ನಟ್ ಜೊತೆ ಬಿಗಿಯಬಹುದು, ಸೈಕಲ್ ಬಲಕ್ಕೆ ಬಿದ್ರೂ ಚಿಂತೆ ಇಲ್ಲ. ತೂಕದ ಬಗ್ಗೆ ತಲೆ ಕೆಡಿಸ್ಕೋಬೇಡಿ, ಸರಳು ಲಿವರ್ ಎಲ್ಲ ಹೋಗಿ ನಟ್ ಬರೋದ್ರಿಂದ ಹೆಚ್ಚಾಗೋದು ಕೆಲವೇ ಗ್ರಾಂ.

ಈಗ ಸಾಮಾನು ತಗೊಳ್ಳೋ ವಿಷಯ, ಇಲ್ಲೇ ಹೆಚ್ಚು ಜನ ಮೋಸ ಹೋಗೋದು. ಕ್ವಿಕ್ ರಿಲೀಸ್ ಹಬ್ಬಿನ ಹಿಂದಿನ ಆಕ್ಸಲ್ 10 ಎಂಎಂ ದಪ್ಪ, ಥ್ರೆಡ್ಡಿಂದ ಥ್ರೆಡ್ಡಿಗೆ 1 ಎಂಎಂ. ಗಟ್ಟಿ ಆಕ್ಸಲ್ಲಲ್ಲೂ ಇದೇ ಅಳತೆ ಸಿಗತ್ತೆ, ಆಗ ಹಳೇ ಕೋನು, ಲಾಕ್‌ನಟ್ಟು, ಸ್ಪೇಸರ್ ಎಲ್ಲ ಅದಕ್ಕೇ ಹಾಕಬಹುದು. ಆದ್ರೆ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಇನ್ನೊಂದು ಬಿದ್ದಿರತ್ತೆ, ಇಂಚಿನ ಅಳತೆಯದು, ಮೂರು ಸೂತ ದಪ್ಪ, ಇಂಚಿಗೆ 26 ಥ್ರೆಡ್ಡು. ಅದು ಲೆಕ್ಕದಲ್ಲಿ ಸುಮಾರು 9.5 ಎಂಎಂ. ಕಣ್ಣಿಗೆ ಎರಡೂ ಒಂದೇ ಥರ ಕಾಣತ್ತೆ, 10 ಎಂಎಂ ಕೋನ್ ಇದರ ಮೇಲೆ ಲೊಡಲೊಡ ಅಂತ ಹೋಗಿ ಕೂರತ್ತೆ, ಟೈಟ್ ಮಾಡಿದ್ರೆ ಹಿಡಿದ ಹಾಗೂ ಅನಿಸತ್ತೆ, ಆಮೇಲೆ ದಾರೀಲಿ ಥ್ರೆಡ್ ಕಿತ್ಕೊಂಡು ಬರತ್ತೆ. ಹಳೇ ಕೋನ್ ಕೈಯಲ್ಲಿ ಹಿಡ್ಕೊಂಡು ಹೋಗಿ ಅಂಗಡೀಲೇ ತಿರುಗಿಸಿ ನೋಡಿ, ಬೆರಳಲ್ಲೇ ಸಲೀಸಾಗಿ ತಿರುಗಬೇಕು, ಆದ್ರೆ ಅಲ್ಲಾಡಬಾರದು.

ಉದ್ದವೂ ನೋಡಬೇಕು. ನನ್ನ ಫ್ರೇಮಲ್ಲಿ ಎರಡು ಡ್ರಾಪ್ಔಟ್ ನಡುವೆ 135 ಎಂಎಂ ಜಾಗ. ಅಲ್ಲಿಗೆ ಕ್ವಿಕ್ ರಿಲೀಸ್ ಆಕ್ಸಲ್ 146ರ ಆಸುಪಾಸು ಇರತ್ತೆ, ತುದಿ ಡ್ರಾಪ್ಔಟಿನ ದಪ್ಪದ ಒಳಗೇ ನಿಲ್ಲಬೇಕು. ಗಟ್ಟೀದಕ್ಕೆ ನಟ್ಟು ವಾಷರ್ ಕೂರಬೇಕಲ್ಲ, ಹಾಗಾಗಿ 175ರಿಂದ 180 ಬೇಕು. ನಟ್ ಬಿಗಿದ ಮೇಲೆ ಎರಡು ಮೂರು ಸುತ್ತು ಥ್ರೆಡ್ ಆಚೆ ಕಂಡ್ರೆ ಸರಿ. ನಟ್ ಮಾತ್ರ ವಾಷರ್ ಅಂಟಿಕೊಂಡೇ ಇದ್ದು ಅದು ಬೇರೆಯಾಗಿ ತಿರುಗೋ ಥರದ್ದು ತಗೊಳ್ಳಿ, ಸಾದಾ ನಟ್ ಬಿಗಿಯುವಾಗ ಚಕ್ರಾನೇ ಒಂದು ಕಡೆಗೆ ಎಳ್ಕೊಂಡು ಹೋಗತ್ತೆ. ಎಲ್ಲ ಸೇರಿ, ಹೊಸ ಬಾಲ್ಸು ಗ್ರೀಸು ಮಜೂರಿ ಸಮೇತ, ನನಗೆ ಬಿದ್ದಿದ್ದು ಐನೂರು ರೂಪಾಯಿ ಒಳಗೆ. ಬಾಲ್ಸ್ ಹಿಂದಿನ ಚಕ್ರಕ್ಕೆ ಕಾಲು ಇಂಚಿನವು, ಒಂದೊಂದು ಕಡೆ ಒಂಬತ್ತು. ಆಕ್ಸಲ್ ಬಿಚ್ಚಿದ ಮೇಲೆ ಹಳೇ ಬಾಲ್ಸನ್ನೇ ಒರೆಸಿ ಹಾಕೋದು ಜಿಪುಣತನ.

ಕೋನ್ ಸೆಟ್ ಮಾಡೋದ್ರಲ್ಲಿ ಒಂದು ಸೂಕ್ಷ್ಮ ಇದೆ, ಶೋರೂಮಿನವರಿಗೂ ಎಷ್ಟೋ ಸಲ ಗೊತ್ತಿರಲ್ಲ. ಕ್ವಿಕ್ ರಿಲೀಸ್ ಲಿವರ್ ಮುಚ್ಚಿದಾಗ ಇಡೀ ಆಕ್ಸಲ್ಲನ್ನೇ ಉದ್ದಕ್ಕೆ ಅಮುಕತ್ತೆ, ಕೂದಲೆಳೆಯಷ್ಟು ಗಿಡ್ಡ ಆಗಿ ಕೋನ್ ಇನ್ನಷ್ಟು ಬಿಗಿಯಾಗತ್ತೆ. ಅದಕ್ಕೇ ಅಲ್ಲಿ ಚಕ್ರ ಕೈಯಲ್ಲಿದ್ದಾಗ ಚೂರು ಲೂಸ್ ಬಿಡಬೇಕು, ಲಿವರ್ ಮುಚ್ಚಿದ್ಮೇಲೆ ಅದು ಮಾಯ ಆಗತ್ತೆ. ಗಟ್ಟಿ ಆಕ್ಸಲ್ಲಲ್ಲಿ ನಟ್ ಅಮುಕೋದು ಡ್ರಾಪ್ಔಟನ್ನ ಲಾಕ್‌ನಟ್ಟಿನ ಮೇಲೆ, ಹಬ್ಬಿನೊಳಗಿನ ಆಕ್ಸಲ್ಲಿಗೆ ಆ ಒತ್ತಡ ಹೋಗಲ್ಲ. ಹಾಗಾಗಿ ಇಲ್ಲಿ ಕೈಯಲ್ಲೇ ಲೂಸ್ ಇಲ್ಲದ ಹಾಗೆ, ಆದ್ರೆ ನುಣ್ಣಗೆ ತಿರುಗೋ ಹಾಗೆ ಕೂರಿಸಬೇಕು. ಹಳೇ ಅಭ್ಯಾಸದಲ್ಲಿ ಲೂಸ್ ಬಿಟ್ರೆ ಅದು ಹಾಗೇ ಉಳಿದು ಬೇರಿಂಗ್ ತಿನ್ನತ್ತೆ. ಇದಕ್ಕೆ ತೆಳ್ಳಗಿನ ಕೋನ್ ಪಾನಾ ಬೇಕು, ಹಿಂದಿನದಕ್ಕೆ 15ರದ್ದು, ಮಾಮೂಲಿ ಪಾನಾ ಆ ಸಂದೀಲಿ ಹೋಗಲ್ಲ.

ಬಳಕೆಯಲ್ಲಿ ಹೇಗಿದೆ ಅಂದ್ರೆ, ಮಳೆಗಾಲ ಕಂಡಿದೆ, ಸಿಂಹಗಡದ ಬುಡದ ತನಕ ಹೋಗಿ ಬಂದಿದೆ, ಕಾತ್ರಜ್ ಘಾಟ್ ಹತ್ತಿಳಿದಿದೆ, ಆಕ್ಸಲ್ ನೆಟ್ಟಗಿದೆ. ಸರ್ವೀಸಿಗೆ ಬಿಚ್ಚಿದಾಗ ಗಾಜಿನ ಮೇಲೆ ಉರುಳಿಸಿ ನೋಡಿದ್ವಿ, ಎಲ್ಲೂ ಕುಣಿಲಿಲ್ಲ. ಗೇರು ಜಿಗಿಯೋದು ಪೂರ್ತಿ ನಿಂತಿದೆ. ಸತಾಯಿಸಿದ್ದು ನಟ್ಟುಗಳು, ಜುಲೈ ಮುಗಿಯೋದ್ರೊಳಗೆ ಕೆಂಪಗೆ ತುಕ್ಕು. ಥ್ರೆಡ್ಡಿಗೆ ಗ್ರೀಸ್ ಸವರಿ ಮೇಲೊಂದು ಪ್ಲಾಸ್ಟಿಕ್ ಟೋಪಿ ಹಾಕಿದ ಮೇಲೆ ಪರವಾಗಿಲ್ಲ. ಹೊಸದಾಗಿ ಹಾಕಿಸಿದ ಮೊದಲ ವಾರದಲ್ಲಿ ಒಮ್ಮೆ ಮತ್ತೆ ಬಿಗೀರಿ, ವಾಷರ್ ಪೇಂಟನ್ನ ಕಚ್ಕೊಂಡು ಕೂತಾಗ ಸ್ವಲ್ಪ ಸಡಿಲ ಆಗೇ ಆಗತ್ತೆ. ಟಾರ್ಕ್ ಪಾನಾ ಇರೋರಿಗೆ 30ರಿಂದ 45 ನ್ಯೂಟನ್ ಮೀಟರ್, ಇಲ್ಲದೋರು ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗೀತಾ ಬನ್ನಿ, ಒಂದೇ ಕಡೆ ಒಂದೇ ಸಲಕ್ಕೆ ಜಗ್ಗಬೇಡಿ.

ಪಂಚರ್ ಆದ್ರೆ ಏನ್ಮಾಡ್ತೀರಿ ಅಂತ ಎಲ್ಲರೂ ಕೇಳ್ತಾರೆ. ಬ್ಯಾಗಲ್ಲಿ 14-15ರ ಒಂದು ಪಾನಾ ಇಟ್ಕೊಂಡಿರ್ತೀನಿ, ಭಾರ ಅನ್ನೋದು ನಿಜ, ನೆನಪಿಟ್ಟು ಒಯ್ಯಬೇಕು ಅನ್ನೋದೂ ನಿಜ. ಆದ್ರೆ ನಮ್ಮೂರ ಸೈಕಲ್ ಶಾಪಲ್ಲಿ ಪಂಚರ್ ಹಾಕೋರು ಯಾವತ್ತಾದ್ರೂ ಹಿಂದಿನ ಚಕ್ರ ಬಿಚ್ಚಿದ್ದು ನೋಡಿದೀರಾ? ಟೈರ್ ಒಂದು ಕಡೆ ಎಬ್ಬಿಸಿ, ಟ್ಯೂಬ್ ಹೊರಗೆಳೆದು, ತೇಪೆ ಹಾಕಿ ಒಳಗೆ ತಳ್ತಾರೆ. ನಾನೂ ಅದನ್ನೇ ಮಾಡ್ತೀನಿ, ಟ್ಯೂಬೇ ಬದಲಿಸೋ ಪರಿಸ್ಥಿತಿ ಬಂದ್ರೆ ಮಾತ್ರ ನಟ್ಟಿಗೆ ಕೈ. ಕಾರಿನ ಡಿಕ್ಕೀಲಿ ಸೈಕಲ್ ಹಾಕ್ಕೊಂಡು ಲೋಣಾವಳ ಕಡೆ ಹೋಗೋರಿಗೆ, ವಾರವಾರ ಚಕ್ರ ತೆಗೆಯೋರಿಗೆ ಇದು ಖಂಡಿತ ಬೇಡ, ಸಿಟ್ಟು ಬರತ್ತೆ. ಇಟಲಿಯ ಟುಲಿಯೊ ಕಾಂಪನ್ಯೋಲೊ 1930ರ ಆಸುಪಾಸಿನಲ್ಲಿ ಕ್ವಿಕ್ ರಿಲೀಸ್ ಮಾಡಿದ್ದು ರೇಸಲ್ಲಿ ಚಕ್ರ ಬೇಗ ಬಿಚ್ಚೋಕೆ, ಆ ಕೆಲಸಕ್ಕೆ ಅದನ್ನ ಮೀರಿಸಿದ್ದು ಇರಲಿಲ್ಲ. ಮಂಡಈಯಿಂದ ಈರುಳ್ಳಿ ತರೋನಿಗೆ ಆ ಅವಸರ ಎಲ್ಲಿಂದ.

ಮುಂದಿನ ಚಕ್ರಕ್ಕೆ ಯಾಕೆ ಬೇಡ ಅಂದೆ ಅಂದ್ರೆ, ಅಲ್ಲಿ ಆಕ್ಸಲ್ ಮುರಿಯೋ ತೊಂದರೆನೇ ಇಲ್ಲ, ಬೇರಿಂಗು ಎರಡೂ ಫೋರ್ಕಿನ ಪಕ್ಕದಲ್ಲೇ ಇರತ್ತೆ. ಇದ್ದಿದ್ದು ಕಳ್ಳರ ಭಯ ಮಾತ್ರ, ಅದಕ್ಕೆ ಲಿವರ್ ಬದಲು 5 ಎಂಎಂ ಆಲನ್ ಕೀಲಿ ಬಿಗಿಯೋ ಸರಳು ಸಿಗತ್ತೆ, ಹಬ್ ಬಿಚ್ಚೋದೇ ಬೇಡ, ಅದನ್ನ ತೆಗೆದು ಇದನ್ನ ಹಾಕಿದ್ರೆ ಮುಗೀತು. ಕೀಲಿ ಇಟ್ಕೊಂಡು ಬರೋ ಕಳ್ಳನಿಗೆ ಅದೂ ತಡೆ ಅಲ್ಲ, 15ರ ಪಾನಾ ಇರೋನಿಗೆ ನನ್ನ ನಟ್ಟೂ ಅಲ್ಲ, ಹಾಗಾಗಿ ಬೀಗದ ಸರಪಳಿ ಚಕ್ರದೊಳಗಿಂದ ಹಾಯಿಸೋದು ಬಿಡಬೇಡಿ.

ಡೊಂಬಿವಲೀಲಿರೋ ನಮ್ಮ ಭಾವ ಸೈಕಲ್ ಸ್ಟೇಷನ್ ಹತ್ರ ಬಿಟ್ಟು ಲೋಕಲ್ ಹಿಡಿಯೋರು, ಅವರು ನನ್ನ ನೋಡಿ ಎರಡೂ ಚಕ್ರಕ್ಕೆ ಗಟ್ಟಿ ಆಕ್ಸಲ್ ಕೇಳಿದ್ರು. ಮುಂದಿನದಕ್ಕೆ ದಪ್ಪ 9 ಎಂಎಂ, ಫೋರ್ಕ್ ನಡುವಿನ ಜಾಗ 100, ಉದ್ದ 140 ತಗೊಳ್ಳಿ ಭಾವ ಅಂತ ಬರೆದು ಕಳಿಸಿದೆ. ಅವರ ಹಿಂದಿನ ಹಬ್ ಸೀಲ್ಡ್ ಕಾರ್ಟ್ರಿಜ್ ಬೇರಿಂಗಿಂದು ಅಂತ ಫೋಟೋ ಬಂದ್ಮೇಲೆ ಗೊತ್ತಾಯ್ತು. ಅದರೊಳಗೆ ಕೋನ್ ಇರಲ್ಲ, ಆಕ್ಸಲ್ ಆ ಹಬ್ಬಿಗೇ ಅಂತ ಮಾಡಿರ್ತಾರೆ, ಅಂಗಡಿಯ ಗಟ್ಟಿ ಆಕ್ಸಲ್ ಅದಕ್ಕೆ ಕೂರಲ್ಲ. ಅವರಿಗೂ ಹಿಂದೆ ಆಲನ್ ಸರಳನ್ನೇ ಹಾಕಿಸೋಕೆ ಹೇಳಿದೆ.