ರನ್ನಿಂಗ್ ಫ್ರೇಮ್: ಕೊಳ್ಳುವ ಮೊದಲು ಕ್ಲಬ್ ಹುಡುಕಿ

ಊರುಗೋಲನ್ನೋ ವಾಕರನ್ನೋ ನೆಚ್ಚಿ ನಡೆಯುವ ಮಕ್ಕಳಿಗಾಗಿ ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಅಥ್ಲೆಟಿಕ್ಸ್ ಕ್ಲಬ್ಬೊಂದು ವಾರಕ್ಕೊಮ್ಮೆ ಫ್ರೇಮ್ ರನ್ನಿಂಗ್ ತರಬೇತಿ ನಡೆಸುತ್ತದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ, ಸಮತೋಲ ಕುಂದುವ ಸ್ಥಿತಿ) ಇರುವ ನನ್ನ ಮಗಳು ಕಳೆದ ಬೇಸಿಗೆಯಿಂದ ಅಲ್ಲಿಗೆ ಹೋಗುತ್ತಿದ್ದಾಳೆ.

ರನ್ನಿಂಗ್ ಫ್ರೇಮ್ ಎಂದರೆ ಪೆಡಲ್ ಇಲ್ಲದ ಮೂರು ಗಾಲಿಯ ಚೌಕಟ್ಟು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಒಂದು, ನಡುವೆ ಸೀಟು, ಎದೆಯನ್ನು ಆನಿಸಲು ಮೆತ್ತನೆಯ ಹಲಗೆ, ಕೈಗೆ ಹ್ಯಾಂಡಲ್ ಮತ್ತು ಬ್ರೇಕು. ಮೈಭಾರದ ಬಹುಪಾಲನ್ನೂ ಸಮತೋಲವನ್ನೂ ಫ್ರೇಮೇ ನೋಡಿಕೊಳ್ಳುವುದರಿಂದ ಕಾಲುಗಳಿಗೆ ಉಳಿಯುವುದು ನೆಲವನ್ನು ಹಿಂದಕ್ಕೆ ಒದೆಯುವ ಕೆಲಸ. 1991ರಲ್ಲಿ ಡೆನ್ಮಾರ್ಕಿನಲ್ಲಿ ಗಾಲಿಕುರ್ಚಿ ಓಟಗಾರ್ತಿ ಕೋನಿ ಹ್ಯಾನ್ಸನ್ ಮತ್ತು ಮನ್ಸೂರ್ ಸಿದ್ದಿಕಿ ರೂಪಿಸಿದ ಈ ಆಟ ಬಹುಕಾಲ ರೇಸ್‌ರನ್ನಿಂಗ್ ಎನಿಸಿಕೊಂಡಿತ್ತು. ಈಗ ಅಂಗವಿಕಲರ ಅಥ್ಲೆಟಿಕ್ಸ್ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಇದಕ್ಕೆ, ಓಟಗಾರರ ಚಲನೆಯ ಮಿತಿಗೆ ತಕ್ಕಂತೆ, ಟಿ71, ಟಿ72 ಎಂಬ ವರ್ಗಗಳಿವೆ.

ಅಂಗವೈಕಲ್ಯವಿರುವ 5ರಿಂದ 17 ವರ್ಷದವರಿಗೂ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷಗಳ, ಮಧ್ಯಮದಿಂದ ಬಿರುಸಿನ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಸೂಚನೆ ಸರಿಯೇ, ಆದರೆ ವಾಕರ್ ಹಿಡಿದು ನಡೆಯುವಾಗ, ಉಸಿರು ಏರುವ ಮೊದಲೇ ಬೀಳುವ ಭಯ ನನ್ನ ಮಗಳನ್ನು ನಿಲ್ಲಿಸಿಬಿಡುತ್ತದೆ, ಫಿಸಿಯೋಥೆರಪಿಯಲ್ಲಿ ಸ್ನಾಯು ಹಿಗ್ಗಿಸುವುದಕ್ಕೇ ಸಮಯ ಸರಿಹೋಗುತ್ತದೆ. ಫ್ರೇಮಿನ ಮೇಲೆ ಅವಳು ಏದುಸಿರು ಬಿಡುತ್ತಾಳೆ, ಬೆವರುತ್ತಾಳೆ, ಜೊತೆಯವರನ್ನು ಹಿಂದಿಕ್ಕಲು ಹಟ ಹಿಡಿಯುತ್ತಾಳೆ. ನನ್ನ ಮಟ್ಟಿಗೆ ಈ ತರಬೇತಿಯ ಮುಖ್ಯ ಗುಣ ಇದೇ.

ಕೊರತೆಗಳೂ ಸಾಕಷ್ಟಿವೆ. ಸೀಟಿನ ಎತ್ತರವೋ ಎದೆಹಲಗೆಯ ಓರೆಯೋ ಸ್ವಲ್ಪ ತಪ್ಪಿದರೂ ಒದೆತದ ಬಲ ಕುಗ್ಗುತ್ತದೆ, ತೊಡೆ ಉಜ್ಜಿ ಕೆಂಪಾಗುತ್ತದೆ. ಹಾಗಾಗಿ ಅಳತೆ ಬಲ್ಲ ತರಬೇತುದಾರರಿಲ್ಲದೆ ಇದನ್ನು ಬಳಸಬಾರದು. ಪಾದ ಎಳೆದು ಓಡುವವರ ಶೂಗಳ ತುದಿ ಬೇಗ ಸವೆದುಹೋಗುತ್ತದೆ. ನೇರ ದಾರಿಯಲ್ಲಿ ಸಲೀಸಾಗಿ ಹೋಗುವವರಿಗೂ ಟ್ರ್ಯಾಕಿನ ತಿರುವಿನಲ್ಲಿ ಹ್ಯಾಂಡಲ್ ಹಿಡಿತ ಕಷ್ಟವಾಗುತ್ತದೆ, ಅದರಲ್ಲೂ ಒಂದು ಕೈ ಬಿಗಿತವಿದ್ದರೆ. ನಮ್ಮ ಕ್ಲಬ್ಬಿನಲ್ಲಿ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಫ್ರೇಮುಗಳಿಲ್ಲದೆ ಸರದಿ ಕಾಯಬೇಕು. ಇಂಗ್ಲೆಂಡಿನ ಚಳಿಯಲ್ಲಿ ಬೆವರಿದ ಮೈಯಲ್ಲಿ ಕಾಯುವುದು ಬಿಗಿದ ಸ್ನಾಯುಗಳಿಗೆ ಒಳ್ಳೆಯದಲ್ಲ. ಇದನ್ನು ಕ್ಲಬ್ಬು ಸರಿಪಡಿಸಿಕೊಳ್ಳಲೇಬೇಕು.

ಹಾಗಾದರೆ ಸ್ವಂತಕ್ಕೊಂದು ಕೊಳ್ಳಬಾರದೇಕೆ ಎಂದು ಕೇಳಬಹುದು. ಹೊಸ ಫ್ರೇಮಿನ ಬೆಲೆ ರೂಪಾಯಿಗಳಲ್ಲಿ ಲಕ್ಷ ದಾಟುತ್ತದೆ, ಬೆಳೆಯುವ ಮಕ್ಕಳಿಗೆ ಅದು ಬೇಗ ಸಣ್ಣದಾಗುತ್ತದೆ, ಗಾಲಿ ಬಿಚ್ಚಿದರೂ ಸಣ್ಣ ಕಾರಿನಲ್ಲಿ ಹಿಡಿಸುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ, ಓಡಿಸಲು ನುಣುಪಾದ, ವಾಹನಗಳಿಲ್ಲದ ಸಮತಟ್ಟಾದ ಜಾಗ ಬೇಕು. ಭಾರತದ ನಮ್ಮ ಊರಿನಲ್ಲಿರುವ ಬಂಧುಗಳು ಫ್ರೇಮೊಂದನ್ನು ತರಿಸಿಕೊಡುವಂತೆ ಕೇಳಿದಾಗ ನಾನು ಮೊದಲು ವಿಚಾರಿಸಿದ್ದು, ಹತ್ತಿರದ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಫ್ರೇಮ್ ಓಟಗಾರರಿಗೆ ಸಮಯ ಬಿಟ್ಟುಕೊಡುತ್ತಾರೆಯೇ ಎಂದು.

ಸೇರಬಯಸುವವರು ಸೊಂಟದ ಕೀಲಿನಲ್ಲಿ ತೊಂದರೆಯಿದ್ದರೆ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮೂಳೆ ವೈದ್ಯರನ್ನು ಕೇಳಿಯೇ ಹೋಗಲಿ. ಹೆಲ್ಮೆಟ್, ಮೈಗೆ ಅಂಟುವ ಪ್ಯಾಂಟು, ಹಳೆಯ ಶೂ, ಸರದಿ ಕಾಯುವಾಗ ಹೊದೆಯಲು ದಪ್ಪ ಸ್ವೆಟರು ಜೊತೆಗಿರಲಿ.