ಫೋನ್‌ನಾಗ ಆಫ್, ಹೊಲದಾಗ ಆನ್: ಮೊಬೈಲ್ ಸ್ಟಾರ್ಟರ್ ಹಾಕಿಸೋರು ಮೊದಲು ಇದನ್ನ ಓದ್ರಿ

ಕುಷ್ಟಗಿ ಕಡೆ ದಾಳಿಂಬೆ ಮಾಡಿದವರು, ಬೋರಿಗೆ ಕ್ಲೌಡ್ ಸ್ಟಾರ್ಟರ್ (ಇಂಟರ್ನೆಟ್ ಮ್ಯಾಲೆ ಫೋನಿನಿಂದ ಮೋಟ್ರು ಆನ್-ಆಫ್ ಮಾಡೋ ಡಬ್ಬಿ) ಹಾಕಿಸಬೇಕಂತ ಇರೋರು ದಯವಿಟ್ಟು ಓದ್ರಿ. ನನ್ನ ಏಳೂವರೆ ಎಚ್‌ಪಿ ಮೋಟ್ರು ಸುಟ್ಟು ಹದಿನೈದು ದಿನ ಆತು. ಸಿಟ್ಟು ಇನ್ನೂ ಇಳಿದಿಲ್ಲ.

ಮಿಸ್ ಕಾಲ್ ಕೊಟ್ರ ಚಾಲೂ ಆಗೋ ಹಳೇ ಡಬ್ಬಿ ಇತ್ತು, ಚಲೋನೇ ಇತ್ತು. ಅದನ್ನ ಬಿಚ್ಚಿಸಿ ಹನ್ನೊಂದು ಸಾವಿರ ಕೊಟ್ಟು ಇದನ್ನ ಹಾಕಿಸಿದೆ. "ನೀವು ಬೆಂಗಳೂರಾಗ ಇದ್ರೂ ಮೋಟ್ರು ನಿಮ್ಮ ಕೈಯಾಗ ಇರ್ತೈತಿ ಅಣ್ಣಾರ" ಅಂದಿದ್ದ ಅಂಗಡಿಯವ. ನಂಬಿದೆ.

ಅವತ್ತು ರಾತ್ರಿ 9ಕ್ಕೆ ಆನ್ ಒತ್ತಿದೆ, ಓಡ್ತು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋತು. ಬೋರಿನಾಗ ನೀರು ಕಡಿಮಿ ಐತಿ, ಇವತ್ತಿಗೆ ಸಾಕು ಅಂತ ಆಫ್ ಒತ್ತಿದೆ. ಹಸಿರು ಬಟನ್ ಕೆಂಪಾತು. 'ಮೋಟರ್ ಆಫ್' ಅಂತ ಬಂತು. ನೆಮ್ಮದಿಯಿಂದ ಮಲಗಿದೆ.

ಮುಂಜಾನೆ ಹೋಗಿ ನೋಡಿದ್ರ ಸ್ಟಾರ್ಟರ್ ಒಳಗ ಕಾಂಟ್ಯಾಕ್ಟರ್, ಅಂದ್ರ ಮೋಟ್ರಿಗೆ ಕರೆಂಟ್ ಕೊಡೋ ಸ್ವಿಚ್, ಗುಂಯ್ ಅಂತಿತ್ತು. ಆಂಪ್ಸ್ ಮುಳ್ಳು ಸೊನ್ನೆ. ಪೈಪಿನ ಬಾಯಿಗೆ ಕೈ ಹಿಡಿದೆ, ಒಂದು ಹನಿ ಇಲ್ಲ. ಇನ್ನೊಂದು ಕೈಯಾಗಿನ ಫೋನು ಮಾತ್ರ ಇನ್ನೂ ಆಫ್ ಅಂತಾನ ತೋರಿಸ್ತಿತ್ತು. ಆಫ್! ರಾತ್ರಿಯೆಲ್ಲ ಒಣ ಬೋರಿನಾಗ ಓಡಿ ಸುಟ್ಟೈತಿ, ಇಲ್ಲಿ ಆಫ್!

ಅಂಗಡಿಯವನಿಗೆ ಫೋನ್ ಮಾಡಿದೆ. "ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ ಅಣ್ಣಾರ" ಅಂದ. ಹಂಗಾದ್ರ ಆಫ್ ಅಂತ ಯಾಕ ತೋರಿಸ್ತು ಅಂದೆ. "ಆಫ್ ತೋರಿಸೇತಲ್ಲ, ಅಂದ್ರ ನಮ್ಮ ಸಾಫ್ಟ್‌ವೇರ್ ಸರಿ ಐತಿ." ಈ ಮಾತಿಗೆ ಏನಂತ ಉತ್ತರ ಕೊಡೋದ್ರಿ? ಎಂಟು ದಿನ ಬಿಟ್ಟು ಮಾಡ್ರಿ ಅಂದ. ಈಗ ಫೋನೇ ಎತ್ತಲ್ಲ.

ನಮ್ಮ ಅಕ್ಕನ ಮಗ ಇದೇ ಕೆಲಸದಾಗ ಇದ್ದಾನ. ಡಬ್ಬಿ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದ. ಫೋನಿನ ಆಜ್ಞೆ ಸೀದಾ ಮೋಟ್ರಿಗೆ ಹೋಗಲ್ಲಂತ, ನಡುವೆ ಸರ್ವರ್‌ಗೆ ಹೋಗಿ ಅಲ್ಲಿಂದ ಡಬ್ಬಿಗೆ ಬರ್ತೈತಿ. ಹಿಂಗ ಆಜ್ಞೆ ಸಾಗಿಸೋ ಪದ್ಧತಿಗೆ ಎಂಕ್ಯೂಟಿಟಿ ಅಂತಾರ. ಈ ಡಬ್ಬಿ ಮಾಡಿದವರು ಆನ್ ಆಜ್ಞೆಯನ್ನ 'ರಿಟೇನ್' ಅಂತ ಸರ್ವರ್‌ನಾಗ ಉಳಿಸಿಟ್ಟಾರ. ಡಬ್ಬಿ ಪ್ರತಿ ಸಲ ಜೋಡಣಿ ಆದಾಗ ಅದೇ ಆನ್ ಮತ್ತ ಬರ್ತೈತಿ. ಆಫ್ ಆಜ್ಞೆಯನ್ನ ಮಾತ್ರ ಕ್ಯೂಓಎಸ್ ಸೊನ್ನೆಯಾಗ, ಅಂದ್ರ ಮುಟ್ಟಿತೋ ಇಲ್ಲೋ ನೋಡದ ಒಂದೇ ಸಲ ಕಳಿಸಿ ಬಿಡೋ ರೀತಿಯಾಗ, ಕಳಿಸ್ಯಾರ, ಉಳಿಸಿಟ್ಟೂ ಇಲ್ಲ. ಕರೆಂಟ್ ಇಲ್ಲದ ಡಬ್ಬಿಗೆ ಅದು ಮುಟ್ಟಲೇ ಇಲ್ಲ. ಕರೆಂಟ್ ಬಂತು, ಹಳೇ ಆನ್ ಬಂತು, ಮೋಟ್ರು ಓಡ್ತು. ಫೋನು ತೋರಿಸಿದ್ದು ನಾನು ಒತ್ತಿದ್ದನ್ನ, ಮೋಟ್ರಿನ ಸ್ಥಿತಿನಲ್ಲ.

"ಮಾಮಾ, ನೆಟ್‌ವರ್ಕ್ ನೆಪ ನಂಬಬ್ಯಾಡ. ಈ ಪದ್ಧತಿ ಹುಟ್ಟಿದ್ದೇ 1999ರಾಗ, ತೈಲದ ಪೈಪ್‌ಲೈನ್‌ಗಳನ್ನ ಸ್ಯಾಟಲೈಟ್ ಮ್ಯಾಲಿಂದ ನೋಡ್ಕೊಳ್ಳಾಕ. ಲೈನ್ ತಪ್ಪಿದ್ರ 'ಡಬ್ಬಿ ಇಲ್ಲ' ಅಂತ ಸರ್ವರ್ ತಾನೇ ಹೇಳಂಗ ಲಾಸ್ಟ್ ವಿಲ್ ಅಂತ ಅದರಾಗ ಐತಿ. ಇವರು ಹಚ್ಚೇ ಇಲ್ಲ" ಅಂದ.

ಇನ್ನೂ ಒಂದು. ಎಲ್ಲಾ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್. ಸರ್ವರ್‌ಗೆ ಹೋಗೋ ಬಾಗಿಲು, ಅಂದ್ರ ಪೋರ್ಟ್, ಗುಟ್ಟಿನ ಲಿಪಿಯಾಗ ಕಳಿಸೋ 8883ರ ಬದಲು ಅದಿಲ್ಲದ 1883. ನನ್ನ ಡಬ್ಬಿಯ ಪಾಸ್‌ವರ್ಡ್‌ಗೆ ಬ್ಯಾರೆಯವರ ಮೋಟ್ರುಗಳೂ ಸಾಲಾಗಿ ಕಂಡ್ವು. ನನಗ ಅವರದು ಕಂಡ್ರ, ಅವರಿಗೆ ನನ್ನದು ಕಾಣಲ್ಲೇನು?

ರೊಕ್ಕ ಕೊಡೋ ಮೊದಲು ಡಬ್ಬಿಯ ಫ್ಯೂಜ್ ತೆಗೀರಿ, ಆಮ್ಯಾಲೆ ಫೋನ್‌ನಾಗ ಆಫ್ ಒತ್ರಿ. ಆಗಲೂ 'ಮೋಟರ್ ಆಫ್' ಅಂತ ಬಂದ್ರ ತಗೋಬ್ಯಾಡ್ರಿ. ಪಾಸ್‌ವರ್ಡ್ ನಿಮಗೊಬ್ಬರಿಗೇ ಬ್ಯಾರೆ ಐತೇನು ಅಂತ ಬರೆಸಿಕೊಳ್ರಿ.

ನಾನು ಅಟ್ಟದ ಮ್ಯಾಲಿದ್ದ ಮಿಸ್ ಕಾಲ್ ಡಬ್ಬಿನೇ ವಾಪಸ್ ಹಾಕಿಸೀನಿ.